ಸೊಗಡಿಗೆ ಅಂಕವಿಲ್ಲ

‘ಸುಧಾರಿತ’ ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಬೀಜದ ಚೀಲದ ಮೇಲೆ, ಕರಪತ್ರದ ಮೇಲೆ, ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಈ ಪದವನ್ನು ಕೇಳಿ ಕೇಳಿ ಅದು ನಮ್ಮ ಕಿವಿಗೆ ಮಂತ್ರದಂತೆ ಆಗಿಬಿಟ್ಟಿದೆ. ಯಾರು ಸುಧಾರಿಸಿದರು, ಯಾರಿಗಾಗಿ ಸುಧಾರಿಸಿದರು, ಹಾಗೆ ಮಾಡುವಾಗ ಏನನ್ನು ಬಿಟ್ಟುಕೊಟ್ಟರು ಎಂದು ನಾವು ಕೇಳುವುದಿಲ್ಲ. ಸುಧಾರಿತ ತಳಿ ಎಂದ ಮೇಲೆ ಮುಗಿಯಿತು. ಹಳೆಯದೆಲ್ಲ ತಾನಾಗಿಯೇ ಕೆಟ್ಟದ್ದು ಎಂದಾಯಿತು.

ನಾನು ವಿಜ್ಞಾನ ಓದಿದವಳಲ್ಲ. ಬಿ.ಎ., ಬಿ.ಎಡ್. ಮಾಡಿ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಂಡು ಬಂದವಳು. ಆದರೆ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿ ಮತ್ತೊಬ್ಬರು ಬರುವವರೆಗೆ ಹತ್ತನೆಯ ತರಗತಿಯ ಮಕ್ಕಳಿಗೆ ಮೆಂಡೆಲನ ಬಟಾಣಿ ಗಿಡಗಳ ಪಾಠ ಮಾಡುವ ಪಾಡು ಎರಡು ಸಲ ನನ್ನ ಪಾಲಿಗೆ ಬಂತು. ಪಾಠ ಮಾಡಲು ಹೋಗಿ ನಾನೇ ಕಲಿತೆ. ಕಲಿತ ಮೇಲೆ ಮನೆಯ ಅವರೆಕಾಯಿಯನ್ನು ನೋಡುವ ನನ್ನ ಕಣ್ಣು ಬದಲಾಯಿತು. ಈ ಬರಹ ಆ ಅವರೆಕಾಯಿಯದು.

ಮೊದಲಿಗೆ ಹೆಸರಿನ ಗೊಂದಲವನ್ನು ಬಗೆಹರಿಸಿಬಿಡೋಣ. ನಮ್ಮ ಕಡೆಯ ತರಕಾರಿ ಅಂಗಡಿಗಳಲ್ಲಿ ಚಪ್ಪರದವರೆಗೆ ‘ಬ್ರಾಡ್ ಬೀನ್ಸ್’ ಎಂದು ಬರೆದಿರುತ್ತಾರೆ. ಕೆಲವರು ಹೊಲದ ಅವರೆಯನ್ನೂ ಹಾಗೆಯೇ ಕರೆಯುತ್ತಾರೆ. ಇಂಗ್ಲೆಂಡಿನವರ, ಈಜಿಪ್ಟಿನವರ ಬ್ರಾಡ್ ಬೀನ್ ಬೇರೆ ಜಾತಿಯ ಗಿಡ. ಸಸ್ಯಶಾಸ್ತ್ರದಲ್ಲಿ ಅದು ವಿಸಿಯಾ ಫಾಬಾ. ಉತ್ತರ ಭಾರತದಲ್ಲಿ ಬಾಕ್ಲಾ ಎನ್ನುತ್ತಾರೆ. ನಮ್ಮ ಅವರೆ ಲ್ಯಾಬ್ಲ್ಯಾಬ್ ಪರ್ಪ್ಯೂರಿಯಸ್. ಇಬ್ಬರೂ ದ್ವಿದಳ ಕುಲದವರೇ, ದೂರದ ದಾಯಾದಿಗಳು. ಆ ದಾಯಾದಿಯ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಅದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ.

ನಮ್ಮ ಹಳೆಯ ಅವರೆ ಹೊಲದಲ್ಲಿ ಒಂಟಿಯಾಗಿ ಬೆಳೆದದ್ದಲ್ಲ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ನಮ್ಮವ್ವ ಮಡಿಲಲ್ಲಿ ಕಾಳು ಕಟ್ಟಿಕೊಂಡು ಅಕ್ಕಡಿ ಸಾಲು ಬಿಡುತ್ತ ನಡೆಯುತ್ತಿದ್ದಳು. ರಾಗಿ ಬೆಳೆಯುವಷ್ಟು ದಿನ ಅವರೆ ಅದರ ಸಂದಿಯಲ್ಲಿ ಸುಮ್ಮನೆ ಬಳ್ಳಿ ಹಬ್ಬಿಸಿಕೊಂಡು ಕಾಯುತ್ತಿತ್ತು. ರಾಗಿ ಕೊಯ್ದು ಹೊಲ ಬಿಡುವಾದ ಮೇಲೆ, ಮಂಜು ಬೀಳುವ ಕಾಲಕ್ಕೆ, ಹೊಲದ ತುಂಬ ಅವರೆಯ ಹೂವು. ಡಿಸೆಂಬರು ಜನವರಿಯಲ್ಲಿ ಕಾಯಿ. ಸಂಕ್ರಾಂತಿಗೆ ಅವರೆಕಾಯಿ ಬೇಯಿಸುವುದು ಪಂಚಾಂಗದಲ್ಲಿ ಬರೆದದ್ದರಿಂದ ಬಂದ ಪದ್ಧತಿಯಲ್ಲ, ಗಿಡವೇ ಬರೆದುಕೊಟ್ಟ ಪದ್ಧತಿ.

ಗಿಡ ಹಾಗೆ ಕಾಯುವುದೇಕೆ ಎಂಬುದಕ್ಕೆ ವಿಜ್ಞಾನ ಉತ್ತರ ಕೊಟ್ಟಿದೆ. ೧೯೨೦ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು, ಹೂ ಬಿಡುವ ಕಾಲವನ್ನು ಎಷ್ಟೋ ಗಿಡಗಳು ಹಗಲಿನ ಉದ್ದ ನೋಡಿ ತೀರ್ಮಾನಿಸುತ್ತವೆ ಎಂದು ತೋರಿಸಿದರು. ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳ ದೊಡ್ಡ ಹಗಲು ಸುಮಾರು ಹದಿಮೂರು ಗಂಟೆ. ಡಿಸೆಂಬರಿನ ಚಿಕ್ಕ ಹಗಲು ಹನ್ನೊಂದೂವರೆಗೆ ಕೊಂಚ ಕಡಿಮೆ. ಗಡಿಯಾರ ಕಟ್ಟಿದ ನಾವು ಗಮನಿಸದ ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಗಡಿಯಾರವಿಲ್ಲದ ಅವರೆ ಗಿಡ ಗಮನಿಸುತ್ತದೆ. ಹಗಲು ಚಿಕ್ಕದಾದಾಗ ಮಾತ್ರ ಅದು ಹೂ ಬಿಡುತ್ತದೆ. ಬೇಸಿಗೆಯಲ್ಲಿ ಬಿತ್ತಿ, ಎಷ್ಟು ನೀರು ಕಟ್ಟಿದರೂ ಬಳ್ಳಿ ಬೆಳೆಯುತ್ತದೆಯೇ ಹೊರತು ಹೂವಿಲ್ಲ.

ರೈತನಿಗೆ ಇದು ಕಷ್ಟವೇ. ವರ್ಷಕ್ಕೆ ಒಂದೇ ಸುಗ್ಗಿ. ಎಲ್ಲರ ಕಾಯಿಯೂ ಒಟ್ಟಿಗೇ ಪೇಟೆಗೆ ಬಂದು ಬೆಲೆ ಬೀಳುತ್ತದೆ. ಗಿಡ ಹಬ್ಬುತ್ತ, ಸ್ವಲ್ಪ ಸ್ವಲ್ಪವೇ ಕಾಯಿ ಬಿಡುವುದರಿಂದ ಹತ್ತಾರು ಸಲ ಬಿಡಿಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಳಿವಿಜ್ಞಾನಿಗಳು ಈ ಕಷ್ಟವನ್ನು ಕಂಡು, ಹಗಲಿನ ಉದ್ದಕ್ಕೆ ಜಗ್ಗದ ಗಿಡಗಳನ್ನು ಆರಿಸಿ, ಸಂಕರ ಮಾಡಿ, ತಲೆಮಾರುಗಳ ಮೇಲೆ ತಲೆಮಾರು ಬೆಳೆಸಿ ‘ಹೆಬ್ಬಾಳ ಅವರೆ’ ಸರಣಿಯ ತಳಿಗಳನ್ನು ಕೊಟ್ಟರು. ಎಚ್.ಎ. ೩, ಎಚ್.ಎ. ೪ ಎಂದರೆ ರೈತರಿಗೆ ಗೊತ್ತು. ಗಿಡ ಗಿಡ್ಡ, ಬಳ್ಳಿ ಹಬ್ಬುವುದಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತದೆ. ಕಾಯಿ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತದೆ. ಇದು ಸಣ್ಣ ಸಾಧನೆಯಲ್ಲ. ಸಾವಿರಾರು ವರ್ಷ ಸೂರ್ಯನ ಮಾತು ಕೇಳಿಕೊಂಡಿದ್ದ ಗಿಡವನ್ನು ರೈತನ ಮಾತು ಕೇಳುವಂತೆ ಮಾಡಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ‘ಈ ಹೈಬ್ರಿಡ್ ಬಂದು ಎಲ್ಲ ಕೆಟ್ಟುಹೋಯಿತು, ಜೀನ್ ತಿದ್ದಿದ ಕಾಯಿ ತಿಂದೇ ಈಗಿನವರಿಗೆ ರೋಗ’ ಎಂದು ಮಾತಾಡುವವರಿದ್ದಾರೆ. ಅವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಈ ಅವರೆಗಳು ಹೈಬ್ರಿಡ್ ಅಲ್ಲ. ಅವರೆಯ ಹೂವು ಬಹುಪಾಲು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದು; ಒಮ್ಮೆ ಸ್ಥಿರಗೊಂಡ ತಳಿಯ ಬೀಜವನ್ನು ರೈತ ತಾನೇ ತೆಗೆದಿಟ್ಟು ಬಿತ್ತಬಹುದು. ಬೇರೆ ಜೀವಿಯ ವಂಶವಾಹಿಯನ್ನು ಇದಕ್ಕೆ ತುರುಕಿದ್ದೂ ಅಲ್ಲ. ಅವ್ವ ಕಣದಲ್ಲಿ ಕೂತು ಬೀಜಕ್ಕೆಂದು ದಪ್ಪ ಕಾಳು ಆರಿಸುತ್ತಿದ್ದಳಲ್ಲ, ಅದೇ ಕೆಲಸದ ಲೆಕ್ಕಾಚಾರದ ರೂಪ ಇದು. ಗೊತ್ತಿಲ್ಲದೆ ಬೈಯುವುದು ಗೊತ್ತಿಲ್ಲದೆ ಹೊಗಳುವುದಕ್ಕಿಂತ ಮೇಲಲ್ಲ.

ಹಾಗಾದರೆ ನನ್ನ ತಕರಾರೇನು? ತಕರಾರು ಆರಿಸಿದ ರೀತಿಯ ಮೇಲಲ್ಲ, ಆರಿಸುವಾಗ ನೋಡಿದ ಗುಣಗಳ ಮೇಲೆ.

ಅದನ್ನು ಹೇಳುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ೨೦೦೯ರಲ್ಲಿ ನಾನೊಂದು ಕೃಷಿ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೊಟ್ಟ ಕರಪತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಊರಿಗೆ ಹೋದಾಗ ಅಣ್ಣನಿಗೆ ಓದಿಹೇಳಿದೆ. ಆಗಷ್ಟೇ ಅಣ್ಣ ಕೊಳವೆಬಾವಿ ಕೊರೆಸಿ ಸಾಲ ಮಾಡಿಕೊಂಡಿದ್ದ. ಬೇಸಿಗೆಯಲ್ಲಿ ಅವರೆಕಾಯಿ ಬಂದರೆ ಬೆಲೆ ಸಿಗುತ್ತದೆ ಎಂಬುದು ಅವನಿಗೂ ಹೊಳೆಯಿತು. ಹಾಗೆಯೇ ಆಯಿತು. ಮೂರು ವರ್ಷ ಹೊಸ ತಳಿಯನ್ನೇ ಹಾಕಿದ. ಸಾಲ ತೀರಿತು. ಅಣ್ಣನ ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದಳು. ಈ ಹಣವನ್ನು ನಾನು ಅಲ್ಲಗಳೆಯಲಾರೆ. ಅವರೆಯ ಸೊಗಡಿನ ಬಗ್ಗೆ ಬರೆಯುವವರು ಸಾಲದ ವಾಸನೆಯನ್ನೂ ಬಲ್ಲವರಾಗಿರಬೇಕು.

ಆದರೆ ಆ ಮೂರು ವರ್ಷ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬೀಳಲಿಲ್ಲ. ಅವ್ವನಿಗೆ ಮೊಣಕಾಲು ನೋವು, ಕೂರಿಗೆಯ ಹಿಂದೆ ನಡೆಯಲಾರಳು. ಬಿತ್ತನೆಗೆ ಟ್ರ್ಯಾಕ್ಟರು ಬಂದಿತ್ತು. ಮನೆಯಲ್ಲಿ ಹೊಸ ಅವರೆ ಇದ್ದೇ ಇತ್ತಲ್ಲ, ಹಳೆಯದು ಯಾರಿಗೆ ಬೇಕು? ಅಟ್ಟದ ಮೇಲೆ ಬೂದಿ ಬೆರೆಸಿ ಇಟ್ಟಿದ್ದ ಬೀಜದ ಮಡಕೆಯನ್ನು ಅವ್ವ ಒಂದು ದಿನ ಇಳಿಸಿ ನೋಡಿದರೆ ಕಾಳಿಗೆಲ್ಲ ತೂತು. ಕೈ ಹಾಕಿದರೆ ಹಿಟ್ಟು. ಆ ಬೀಜ ಅವಳ ಅತ್ತೆಯ ಕಾಲದ್ದು. ಮದುವೆಯಾಗಿ ಬಂದ ವರ್ಷದಿಂದ ಅವಳು ಒಂದು ವರ್ಷವೂ ತಪ್ಪದೆ ತೆಗೆದಿಟ್ಟು ಬಂದದ್ದು.

‘ಅವ್ವ, ಮೊದಲೇ ಹೇಳಬಾರದಾಗಿತ್ತಾ?’ ಎಂದೆ ನಾನು.

‘ನನ್ನ ಯಾರು ಕೇಳಿದ್ರು? ಓದಿದೋಳು ನೀನು, ಒಳ್ಳೇದು ಅಂತ ತಂದುಕೊಟ್ಟೆ. ಒಳ್ಳೇದೇ ಇರಬೇಕು ಅಂದ್ಕೊಂಡೆ’ ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಡಕೆಯನ್ನು ತಿಪ್ಪೆಗೆ ಸುರಿದು ತೊಳೆದು ಬೋರಲು ಹಾಕಿದಳು. ೨೦೧೬ರಲ್ಲಿ ಅವಳು ತೀರಿಕೊಂಡಳು. ಆ ಮಡಕೆ ಇನ್ನೂ ಇದೆ.

‘ನನ್ನ ಯಾರು ಕೇಳಿದ್ರು’ ಎಂಬ ಆ ಮಾತೇ ಈ ಲೇಖನದ ತಿರುಳು. ನಾನು ತಂದ ಕರಪತ್ರವನ್ನು ಆಮೇಲೆ ಹುಡುಕಿ ಮತ್ತೆ ಓದಿದೆ. ಅದರಲ್ಲಿ ಎಕರೆಗೆ ಎಷ್ಟು ಇಳುವರಿ, ಎಷ್ಟು ದಿನಕ್ಕೆ ಕಾಯಿ, ಗಿಡದ ಎತ್ತರ ಎಷ್ಟು, ಯಾವ ಗೊಬ್ಬರ, ಯಾವ ಔಷಧಿ ಎಲ್ಲ ಇತ್ತು. ಕಾಯಿಗೆ ಸೊಗಡಿದೆಯೇ, ಕಾಳು ಬೇಗ ಬೇಯುತ್ತದೆಯೇ, ನೆನೆಸಿದರೆ ಸಿಪ್ಪೆ ಸಲೀಸಾಗಿ ಬಿಟ್ಟು ಹಿದುಕಿದ ಬೇಳೆಗೆ ಆಗುತ್ತದೆಯೇ, ಒಣಗಿಸಿಟ್ಟರೆ ವರ್ಷ ಬಾಳುತ್ತದೆಯೇ, ಹೊಟ್ಟು ದನಕ್ಕೆ ಎಷ್ಟು ಸಿಗುತ್ತದೆ, ರಾಗಿಯ ಜೊತೆ ಹೊಂದಿಕೊಂಡು ಬೆಳೆಯುತ್ತದೆಯೇ ಎಂಬ ಒಂದು ಸಾಲೂ ಇರಲಿಲ್ಲ. ಇದರಲ್ಲಿ ಮೊದಲ ಪಟ್ಟಿ ಪೇಟೆಗೆ ಬೇಕಾದದ್ದು. ಎರಡನೆಯ ಪಟ್ಟಿ ಅಡುಗೆಮನೆಗೂ ಕೊಟ್ಟಿಗೆಗೂ ಬೇಕಾದದ್ದು. ಮೊದಲನೆಯದನ್ನು ಕೇಳಿದವರು ಗಂಡಸರು, ಹೇಳಿದವರೂ ಗಂಡಸರು. ಎರಡನೆಯದಕ್ಕೆ ಉತ್ತರ ಹೇಳಬಲ್ಲವಳು ಅಟ್ಟದ ಕೆಳಗೆ ಕೂತು ಕಾಯಿ ಸುಲಿಯುತ್ತಿದ್ದಳು.

ಮೇಷ್ಟರಾದ ನಮಗೆ ಈ ರೋಗ ಚೆನ್ನಾಗಿ ಗೊತ್ತು. ಪ್ರಶ್ನೆಪತ್ರಿಕೆಯಲ್ಲಿ ಯಾವುದಕ್ಕೆ ಅಂಕವಿದೆಯೋ ಮಗು ಅದನ್ನೇ ಕಲಿಯುತ್ತದೆ. ಹಾಡುವುದಕ್ಕೆ ಅಂಕವಿಲ್ಲ, ಹಾಡುವ ಹುಡುಗಿ ಹಾಡು ಬಿಡುತ್ತಾಳೆ. ಹತ್ತು ವರ್ಷವಾದ ಮೇಲೆ ‘ಈಗಿನ ಮಕ್ಕಳಿಗೆ ಹಾಡೇ ಬರುವುದಿಲ್ಲ’ ಎಂದು ನಾವೇ ಗೊಣಗುತ್ತೇವೆ. ತಳಿ ಆರಿಸುವುದೂ ಒಂದು ಪರೀಕ್ಷೆ. ನೂರಾರು ಗಿಡಗಳಲ್ಲಿ ಯಾವುದು ಪಾಸು, ಯಾವುದು ಫೇಲು ಎಂದು ತಳಿಗಾರ ತಲೆಮಾರಿಗೊಮ್ಮೆ ಅಂಕ ಹಾಕುತ್ತಾನೆ. ಇಳುವರಿಗೆ ಅಂಕವಿದ್ದು ಸೊಗಡಿಗೆ ಅಂಕವಿಲ್ಲದಿದ್ದರೆ, ಸೊಗಡಿರುವ ಗಿಡ ಉಳಿದರೆ ಅದು ಅದೃಷ್ಟ, ಹೋದರೆ ಯಾರಿಗೂ ತಿಳಿಯುವುದಿಲ್ಲ. ಯಾರೂ ಕೇಡು ಬಗೆಯಬೇಕಾಗಿಲ್ಲ. ಕೇಳದೆ ಇದ್ದರೆ ಸಾಕು.

ಇದಕ್ಕೆ ನನಗೆ ಸಿಕ್ಕಿರುವ ಉತ್ತರಗಳು ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು: ‘ಸೊಗಡು ಗಿಗಡು ಎಲ್ಲ ನಿಮ್ಮ ಮನಸ್ಸಿನ ಹಂಬಲ. ಬಾಲ್ಯದ ಊಟವೆಲ್ಲ ರುಚಿಯೇ.’ ಇದು ಸುಳ್ಳು. ಅವರೆಕಾಯಿ ಸುಲಿದ ಕೈಗೆ ಅಂಟುವ ಜಿಡ್ಡು ಕವಿಯ ಕಲ್ಪನೆಯಲ್ಲ. ಕಾಯಿಯ ಸಿಪ್ಪೆಯ ಮೇಲೆ ಗಿಡ ಸ್ರವಿಸುವ ಎಣ್ಣೆಯಂಥ ಸೊನೆ ಅದು. ರಸಾಯನಶಾಸ್ತ್ರಜ್ಞರು ೧೯೭೯ರಷ್ಟು ಹಿಂದೆಯೇ ಅದನ್ನು ಬಿಡಿಸಿ ನೋಡಿದ್ದಾರೆ. ಟ್ರಾನ್ಸ್-೨-ಡೊಡೆಸೆನೋಯಿಕ್ ಆಮ್ಲ, ಟ್ರಾನ್ಸ್-೨-ಟೆಟ್ರಾಡೆಸೆನೋಯಿಕ್ ಆಮ್ಲ ಎಂಬ ಎರಡು ಕೊಬ್ಬಿನ ಆಮ್ಲಗಳು ಅದರಲ್ಲಿ ಮುಖ್ಯವಾದವು. ಹೆಸರು ಹೇಳಲು ನಾಲಿಗೆ ತೊಡರಿದರೂ ಮೂಗಿಗೆ ಪರಿಚಯವಿದೆ. ಹೆಸರಿಟ್ಟು ಅಳೆಯಬಹುದಾದದ್ದು ಹಂಬಲ ಹೇಗಾದೀತು?

ಎರಡನೆಯದು: ‘ತಪ್ಪು ತಳಿಯದಲ್ಲ, ಕಾಲದ್ದು. ಬೇಸಿಗೆಯಲ್ಲಿ ಬೆಳೆದರೆ ಸೊಗಡು ಎಲ್ಲಿಂದ ಬರಬೇಕು? ಮಂಜು ಬಿದ್ದರೆ ತಾನೆ ಸೊಗಡು?’ ಇದು ಯೋಚಿಸಬೇಕಾದ ಮಾತು. ನಮ್ಮ ಹಿರಿಯರೂ ಮಂಜಿನಿಂದಲೇ ಸೊಗಡು ಎನ್ನುತ್ತಿದ್ದರು. ಕಾಲದ ಪಾಲು ಎಷ್ಟು, ವಂಶದ ಪಾಲು ಎಷ್ಟು ಎಂದು ಬೇರೆ ಮಾಡಲು ತಳಿವಿಜ್ಞಾನವೇ ದಾರಿ ತೋರಿಸಿದೆ. ಎರಡೂ ತಳಿಯನ್ನು ಒಂದೇ ಹೊಲದಲ್ಲಿ, ಒಂದೇ ಕಾಲಕ್ಕೆ ಕಾಯಿ ಬರುವಂತೆ ಬೆಳೆದು ನೋಡಿದರೆ ಆಯಿತು. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಾನು ಹಾಗೆ ಒಂದೇ ಊರಿನ ಎರಡು ರಾಶಿ ಕಾಯಿ ತರಿಸಿ, ಒಂಬತ್ತನೆಯ ತರಗತಿಯ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಮೂಸಿಸಿದೆ. ನಾಲ್ಕೈದು ಮಕ್ಕಳನ್ನು ಬಿಟ್ಟರೆ ಮಿಕ್ಕವರೆಲ್ಲ ನಾಟಿ ಅವರೆಯನ್ನು ಗುರುತಿಸಿದರು. ಎರಡೂ ಮಂಜಿನಲ್ಲೇ ಬೆಳೆದ ಕಾಯಿ. ಇದು ಪ್ರಯೋಗಾಲಯದ ಪ್ರಯೋಗವಲ್ಲ, ಒಪ್ಪುತ್ತೇನೆ. ಆದರೆ ಹದಿನಾಲ್ಕು ವರ್ಷದ ಮಕ್ಕಳ ಮೂಗಿಗೆ ಹಳೆಯ ನೆನಪಿನ ಹಂಬಲವಿಲ್ಲ. ಹೊಸ ತಳಿಯಲ್ಲಿ ಸೊಗಡು ಸಾಲದೆಂಬುದು ಕೊಳ್ಳುವವರ ಹಳೆಯ ದೂರು. ಹಾಗೆಂದೇ ವಿಶ್ವವಿದ್ಯಾನಿಲಯದವರು ಸೊಗಡು ವಂಶಪಾರಂಪರ್ಯವಾಗಿ ಹೇಗೆ ಇಳಿದುಬರುತ್ತದೆಂಬ ಬಗ್ಗೆಯೂ ಈಚಿನ ವರ್ಷಗಳಲ್ಲಿ ಕೆಲಸ ಮಾಡಿದ್ದಾರೆ. ಸಂತೋಷ. ದೂರು ಕೇಳಿ ಬಂದ ಮೇಲೆ ಮಾಡುವ ಕೆಲಸವನ್ನು ಮೊದಲೇ ಮಾಡಬಹುದಾಗಿತ್ತು ಎಂಬುದಷ್ಟೇ ನನ್ನ ಮಾತು.

ಮೂರನೆಯದು: ‘ಮೇಡಂ, ವಾಸನೆಗೆ ಯಾರು ದುಡ್ಡು ಕೊಡುತ್ತಾರೆ?’ ಮಳಿಗೆಯೊಂದರಲ್ಲಿ ನಿಂತಿದ್ದ ಹುಡುಗನೊಬ್ಬ ನಗುತ್ತ ಹೇಳಿದ ಮಾತಿದು. ಅವನಿಗೆ ನಾನು ಬಾಸುಮತಿ ಅಕ್ಕಿಯ ಬೆಲೆ ಕೇಳಿದೆ. ಹಳೆಯ ಬಾಸುಮತಿಯೂ ನಮ್ಮ ಅವರೆಯಂತೆಯೇ ಹಗಲಿನ ಉದ್ದ ನೋಡಿ ಹೂ ಬಿಡುತ್ತಿದ್ದ, ಉದ್ದ ಬೆಳೆದು ನೆಲಕ್ಕೆ ಒರಗುತ್ತಿದ್ದ, ಕಡಿಮೆ ಇಳುವರಿಯ ಗಿಡ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಅದನ್ನು ಗಿಡ್ಡ ಮಾಡಿ, ಇಳುವರಿ ಹೆಚ್ಚಿಸಿ, ಪರಿಮಳವನ್ನೂ ಉಳಿಸಿಕೊಂಡು ೧೯೮೯ರಲ್ಲಿ ಪೂಸಾ ಬಾಸುಮತಿ-೧ ಎಂಬ ತಳಿ ಕೊಟ್ಟರು. ಅಂದರೆ ಆಗುತ್ತದೆ ಎಂದಾಯಿತಲ್ಲ! ಬಾಸುಮತಿಯ ಪರಿಮಳಕ್ಕೆ ಹೊರದೇಶದವರು ಹಣ ಕೊಡುತ್ತಾರೆ, ಆದ್ದರಿಂದ ಅದಕ್ಕೆ ಅಂಕವಿತ್ತು. ಅವರೆಯ ಸೊಗಡನ್ನು ಮೂಸುವವರು ಮಾಗಡಿ, ಕೋಲಾರ, ಚಿಂತಾಮಣಿಯ ಹೆಂಗಸರು. ಅಂಕ ಹಾಕಿಸುವ ಶಕ್ತಿ ಅವರಿಗಿಲ್ಲ. ಹಾಗೆ ನೋಡಿದರೆ ದುಡ್ಡು ಕೊಡುವವರು ಇಲ್ಲವೆಂದೂ ಅಲ್ಲ. ಜನವರಿಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಗಾಡಿಯವರು ‘ಸೊಗಡವರೆ, ಮಾಗಡಿ ಸೊಗಡವರೆ’ ಎಂದು ಕೂಗಿ ಮಾರುವುದಿಲ್ಲವೇ? ಕೂಗುವುದು ಸೊಗಡನ್ನು, ಗಾಡಿಯಲ್ಲಿರುವುದು ಎಷ್ಟೋ ಸಲ ಬೇರೆ.

ರುಚಿ ಎಂಬುದು ವಿಜ್ಞಾನದ ಕೈಗೆ ಸಿಗದ ವಸ್ತು ಎನ್ನುವವರು ಮೆಂಡೆಲನನ್ನೇ ಮತ್ತೊಮ್ಮೆ ಓದಬೇಕು. ೧೮೫೬ರಿಂದ ೧೮೬೩ರವರೆಗೆ ಆತ ಬಟಾಣಿಯಲ್ಲಿ ನೋಡಿದ ಏಳು ಗುಣಗಳಲ್ಲಿ ಕಾಳು ದುಂಡಗಿದೆಯೇ ಸುಕ್ಕಾಗಿದೆಯೇ ಎಂಬುದೂ ಒಂದು. ಸುಕ್ಕಾದ ಬಟಾಣಿಯಲ್ಲಿ ಸಕ್ಕರೆ ಹೆಚ್ಚು, ತಿನ್ನಲು ಸಿಹಿ. ಪಿಷ್ಟ ಮಾಡುವ ಒಂದು ಕಿಣ್ವದ ವಂಶವಾಹಿ ಕೆಟ್ಟಿರುವುದೇ ಅದಕ್ಕೆ ಕಾರಣವೆಂದು ೧೯೯೦ರಲ್ಲಿ ಪತ್ತೆಯಾಯಿತು. ನಾವು ಹತ್ತನೆಯ ತರಗತಿಯಲ್ಲಿ ‘ದುಂಡು ಪ್ರಬಲ, ಸುಕ್ಕು ದುರ್ಬಲ’ ಎಂದು ಬಾಯಿಪಾಠ ಮಾಡಿಸುವ ಗುಣ ನಾಲಿಗೆಗೂ ಸಂಬಂಧಪಟ್ಟದ್ದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಆ ದಾಯಾದಿಯ ಕಥೆಗೆ ಬರುತ್ತೇನೆ. ಮೆಡಿಟರೇನಿಯನ್ ತೀರದಲ್ಲಿ, ಪಶ್ಚಿಮ ಏಷ್ಯಾದಲ್ಲಿ ಬ್ರಾಡ್ ಬೀನ್ ಬಡವರ ಕಾಳು. ಆದರೆ ಅದನ್ನು ತಿಂದ ಕೆಲವರಿಗೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆಯಾಗುತ್ತದೆ. ಮಕ್ಕಳ ಪ್ರಾಣಕ್ಕೇ ಅಪಾಯವಾಗುವುದುಂಟು. ಹುಟ್ಟಿನಿಂದ ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಕಾಳಿನಲ್ಲಿರುವ ವಿಸಿನ್, ಕಾನ್‌ವಿಸಿನ್ ಎಂಬ ವಸ್ತುಗಳು ವಿಷವಾಗುತ್ತವೆ. ‘ಅಂಥವರು ತಿನ್ನದಿದ್ದರಾಯಿತು’ ಎಂದು ತಳಿಗಾರರು ಕೈತೊಳೆದುಕೊಳ್ಳಲಿಲ್ಲ. ಈ ವಸ್ತುಗಳು ತೀರ ಕಡಿಮೆ ಇರುವ ಒಂದು ಗಿಡವನ್ನು ಫ್ರಾನ್ಸಿನ ವಿಜ್ಞಾನಿಗಳು ಹುಡುಕಿ ೧೯೮೯ರಲ್ಲಿ ಲೋಕಕ್ಕೆ ತಿಳಿಸಿದರು. ಆ ಗುಣವನ್ನು ಸಂಕರದಿಂದ ಬೇರೆ ತಳಿಗಳಿಗೆ ತಂದರು. ಅದರ ಹಿಂದಿರುವ ವಂಶವಾಹಿ ಯಾವುದೆಂದು ೨೦೨೧ರಲ್ಲಿ ಖಚಿತವಾಯಿತು. ಆ ಗಿಡಕ್ಕಿರುವುದು ಆರೇ ಜೊತೆ ವರ್ಣತಂತುಗಳು. ಆದರೆ ಅದರ ವಂಶಲಿಪಿ ಮನುಷ್ಯರದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಅದನ್ನೂ ಬಿಡಿಸಿ ಓದಿ ೨೦೨೩ರಲ್ಲಿ ಪ್ರಕಟಿಸಿದ್ದಾರೆ. ಮೂವತ್ತು ವರ್ಷಕ್ಕೂ ಮೀರಿದ ಈ ದುಡಿಮೆಯ ಹಿಂದೆ ಇದ್ದದ್ದು, ಈ ಕಾಳು ತಿಂದವನಿಗೆ ಏನಾಗುತ್ತದೆ ಎಂಬ ಪ್ರಶ್ನೆ. ಇಳುವರಿಯ ಪ್ರಶ್ನೆಯ ಪಕ್ಕದಲ್ಲಿ ಉಣ್ಣುವವನ ಪ್ರಶ್ನೆಯನ್ನೂ ಇಟ್ಟರೆ ತಳಿವಿಜ್ಞಾನ ಎಂಥ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ನಮ್ಮ ಅವರೆಯ ಹನ್ನೊಂದು ಜೊತೆ ವರ್ಣತಂತುಗಳ ಲಿಪಿಯೂ ೨೦೨೩ರಲ್ಲೇ ಪ್ರಕಟವಾಗಿದೆ. ಆಫ್ರಿಕದ ವಿಜ್ಞಾನಿಗಳು ಮುಂದೆ ನಿಂತು ಮಾಡಿದ ಕೆಲಸ ಅದು. ಆದ್ದರಿಂದ ‘ಸಲಕರಣೆ ಇಲ್ಲ’ ಎಂಬ ನೆಪ ಇನ್ನು ನಡೆಯುವುದಿಲ್ಲ. ಓದುವ ಪುಸ್ತಕ ಬಂದಿದೆ. ಅದರಲ್ಲಿ ಏನನ್ನು ಹುಡುಕಬೇಕು ಎಂದು ಹೇಳುವವರು ಯಾರು ಎಂಬುದೇ ಉಳಿದಿರುವ ಮಾತು.

ಹುಡುಕಬೇಕಾದರೆ ಹುಡುಕಲು ಏನಾದರೂ ಉಳಿದಿರಬೇಕಲ್ಲ! ಇಲ್ಲಿ ನನಗೆ ಡೆನ್ಮಾರ್ಕಿನ ಯೋಹಾನ್ಸೆನ್ ನೆನಪಾಗುತ್ತಾನೆ. ೧೯೦೯ರಲ್ಲಿ ‘ಜೀನ್’ ಎಂಬ ಪದವನ್ನು ಕೊಟ್ಟವನೇ ಅವನು. ೧೯೦೩ರಲ್ಲಿ ಅವನು ಹುರುಳಿಕಾಯಿಯ ಬೀಜಗಳ ಮೇಲೆ ಮಾಡಿದ ಪ್ರಯೋಗದ ವಿವರ ಪ್ರಕಟಿಸಿದ. ಹತ್ತೊಂಬತ್ತು ಗಿಡಗಳ ಸಂತಾನವನ್ನು ಬೇರೆ ಬೇರೆ ಬೆಳೆಸಿ ನೋಡಿದ. ಪೇಟೆಯಿಂದ ತಂದ ಕಲಬೆರಕೆ ಬೀಜದಲ್ಲಿ ದಪ್ಪ ಕಾಳು ಆರಿಸಿ ಬಿತ್ತಿದರೆ ದಪ್ಪ ಕಾಳೇ ಹೆಚ್ಚು ಬಂತು. ಆದರೆ ಒಂದೇ ಗಿಡದ ಶುದ್ಧ ಸಂತಾನದೊಳಗೆ ಎಷ್ಟು ಆರಿಸಿದರೂ ವ್ಯತ್ಯಾಸವೇ ಆಗಲಿಲ್ಲ. ಆರಿಸಲು ವೈವಿಧ್ಯವಿದ್ದರೆ ಮಾತ್ರ ಆಯ್ಕೆಗೆ ಅರ್ಥ. ಎಲ್ಲವೂ ಒಂದೇ ಆದಮೇಲೆ ಜಾಣ ತಳಿಗಾರನೂ ಕೈಚೆಲ್ಲಬೇಕು.

ಅವ್ವನ ಮಡಕೆಯಲ್ಲಿದ್ದದ್ದು ಆ ವೈವಿಧ್ಯ. ಕೆಂಪು ಕಾಳು, ಬಿಳಿ ಕಾಳು, ಚುಕ್ಕೆಯ ಕಾಳು, ಬೇಗ ಬರುವುದು, ತಡವಾಗಿ ಬರುವುದು ಎಲ್ಲ ಕೂಡಿಯೇ ಇರುತ್ತಿತ್ತು. ಒಂದು ವರ್ಷ ಮಂಜು ಕಡಿಮೆಯಾದರೆ ಒಂದು ಕೈಹಿಡಿಯುತ್ತಿತ್ತು, ಕಾಯಿಕೊರಕ ಹೆಚ್ಚಾದರೆ ಮತ್ತೊಂದು. ಹೊಸ ತಳಿಯ ಬೇರೂ ಕೊನೆಗೆ ಇಂಥ ಯಾವುದೋ ಮಡಕೆಯಲ್ಲೇ ಇರುತ್ತದೆ. ನಾಳೆಯ ರೋಗಕ್ಕೆ ಔಷಧಿ ಬೇಕೆಂದಾಗ ವಿಜ್ಞಾನಿ ಮತ್ತೆ ಬರಬೇಕಾದದ್ದೂ ಅಲ್ಲಿಗೇ. ಹಾಗಿರುವಾಗ ಒಂದು ಹೊಸ ತಳಿ ಊರಿಗೆ ಕಾಲಿಡುವ ದಿನವೇ ಹಳೆಯ ಮಡಕೆಗಳ ಗತಿ ಏನು ಎಂದು ವಿಚಾರಿಸುವುದು ತಳಿವಿಜ್ಞಾನದ ಸ್ವಂತ ಹಿತವಲ್ಲವೇ? ನಾನು ಅವ್ವನ ಮಡಕೆಯನ್ನು ಹಾಳುಮಾಡಿದಾಗ ಹಾಳಾದದ್ದು ಒಂದು ಮನೆಯ ಸಾರು ಮಾತ್ರವಲ್ಲ. ಯಾರೋ ತಳಿಗಾರ ಓದಬೇಕಾಗಿದ್ದ ಒಂದು ಹಾಳೆಯನ್ನು ನಾನು ಹರಿದುಹಾಕಿದೆ.

ಕಾನೂನು ನಮ್ಮ ಕಡೆಗಿದೆ. ೨೦೦೧ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೀಜವನ್ನು ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ರೈತರು ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಬಹುದು. ಆದರೆ ನಮ್ಮ ಕಡೆ ಪಹಣಿ ಇರುವುದು ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ, ಬೀಜ ಇರುವುದು ಹೆಂಗಸಿನ ಮಡಕೆಯಲ್ಲಿ. ಅರ್ಜಿ ತುಂಬಿಕೊಡುವವರು ಅವಳ ಮನೆಯ ಬಾಗಿಲಿಗೆ ಬರುವವರೆಗೆ ಆ ಹಕ್ಕು ಕಾಗದದ ಮೇಲಿನ ಹಕ್ಕು.

ನಾನು ಕೇಳುವುದು ಹೆಚ್ಚೇನಲ್ಲ. ಅವರೆಯ ಹೊಸ ತಳಿಯೊಂದನ್ನು ಹೊರತರುವ ಮುನ್ನ ಅದನ್ನು ಬೆಳೆಯುವ ಊರುಗಳ ಹತ್ತು ಹೆಂಗಸರ ಮುಂದೆ ಸುರಿಯಿರಿ. ಅವರು ಸುಲಿಯಲಿ, ಮೂಸಲಿ, ಹಿದುಕಲಿ, ಸಾರು ಮಾಡಿ ಮುದ್ದೆಯ ಜೊತೆ ಉಣ್ಣಲಿ. ಅವರು ಕೊಡುವ ಅಂಕವನ್ನು ಇಳುವರಿಯ ಅಂಕದ ಪಕ್ಕದಲ್ಲೇ ಬರೆಯಿರಿ. ಕರಪತ್ರದಲ್ಲಿ ಸೊಗಡಿಗೆ ಒಂದು ಸಾಲು ಕೊಡಿ. ಕಡಿಮೆಯಿದ್ದರೆ ಕಡಿಮೆಯೆಂದೇ ಅಚ್ಚು ಹಾಕಿಸಿ, ರೈತ ತಿಳಿದೇ ಬಿತ್ತಲಿ. ಹೊಸ ಬೀಜ ಕೊಡುವಾಗ ‘ಹಳೆಯದನ್ನೂ ಒಂದು ಸಾಲು ಬಿತ್ತಿ ಉಳಿಸಿಕೊಳ್ಳಿ’ ಎಂಬ ಮಾತನ್ನು ಸೇರಿಸಿ ಕೊಡಿ. ಆ ಒಂದು ಮಾತು ೨೦೦೯ರಲ್ಲಿ ನನ್ನ ಕೈಯಲ್ಲಿದ್ದ ಕಾಗದದಲ್ಲಿ ಇದ್ದಿದ್ದರೆ, ನಾನು ಅದನ್ನೂ ಅಣ್ಣನಿಗೆ ಓದಿಹೇಳುತ್ತಿದ್ದೆ.

ಅವ್ವ ಹೋದ ಮೇಲೆ ನಾನು ಆ ಬೀಜಕ್ಕಾಗಿ ನಂಟರ ಮನೆಗಳನ್ನೆಲ್ಲ ಸುತ್ತಿದೆ. ಹಲವರು ನಕ್ಕರು. ಕೊನೆಗೆ ಅವ್ವನ ತಂಗಿಯ ಮನೆಯಲ್ಲಿ ಸಿಕ್ಕಿತು. ಅವ್ವ ಯಾವತ್ತೋ ಬಾಗಿನದ ಜೊತೆ ತಂಗಿಗೆ ಕೊಟ್ಟ ಕಾಳಂತೆ. ಚಿಕ್ಕಮ್ಮ ಕೆಮ್ಮಣ್ಣು ಕಟ್ಟಿ ಇಟ್ಟಿದ್ದರಲ್ಲಿ ಅರ್ಧ ಸೇರು ಅಳೆದು ನನ್ನ ಸೆರಗಿಗೆ ಹಾಕಿ, ‘ನಿಮ್ಮವ್ವಂದೇ ಕಣವ್ವ, ನಿಂಗೇ ತಿರುಗಿ ಕೊಡ್ತಿದೀನಿ’ ಎಂದರು. ಅಣ್ಣನಿಗೆ ಹೇಳಿದೆ. ಅವನು ಬೇಸಿಗೆಗೆ ಹೊಸ ತಳಿಯನ್ನೇ ಹಾಕುತ್ತಾನೆ, ಹಾಕಲಿ. ಆದರೆ ಮಳೆಗಾಲದ ರಾಗಿಯಲ್ಲಿ ನಾಲ್ಕು ಅಕ್ಕಡಿ ಸಾಲು ಈಗ ಮತ್ತೆ ಬೀಳುತ್ತಿವೆ. ಬೀಜ ತೆಗೆದಿಡುವ ಕೆಲಸ ಅಣ್ಣನ ಮಗಳದು. ಹೊಸ ತಳಿಯ ದುಡ್ಡಿನಲ್ಲಿ ಓದಿದವಳು ಹಳೆಯ ಮಡಕೆಗೆ ಬೂದಿ ಬೆರೆಸುತ್ತಾಳೆ. ಕಳೆದ ಸಂಕ್ರಾಂತಿಗೆ ಅವಳು ಕಾಯಿ ಸುಲಿದು ಬಂದು ಎರಡೂ ಕೈಯನ್ನು ನನ್ನ ಮುಖದ ಹತ್ತಿರ ಹಿಡಿದು, ‘ಅತ್ತೆ, ಮೂಸಿ ನೋಡಿ’ ಎಂದಳು.

ಮೂಸಿದೆ. ಅವ್ವನ ಕೈ ಹೀಗೆಯೇ ಇರುತ್ತಿತ್ತು.